ನಾನು ಅಳಿಸಿದ ಒಂದು ಓಟ

ನಮ್ಮ ಡ್ರಿಲ್ ಮೇಷ್ಟ್ರ ಬಲಗೆನ್ನೆಗೂ ಬಲಗಿವಿಗೂ ಸಂಜೆಯ ಹೊತ್ತು ಯಾವಾಗಲೂ ಕೆಮ್ಮಣ್ಣು ಮೆತ್ತಿಕೊಂಡಿರುತ್ತಿತ್ತು. ಎಡಗೆನ್ನೆ ಮಾತ್ರ ಬೆಳಿಗ್ಗೆ ಕ್ಷೌರ ಮಾಡಿಕೊಂಡು ಬಂದಷ್ಟೇ ಚೊಕ್ಕಟ. ಗೊತ್ತಿಲ್ಲದವರು ನೋಡಿದರೆ ಎಲ್ಲೋ ಜಾರಿಬಿದ್ದು ಬಂದಿದ್ದಾರೆ ಎಂದುಕೊಳ್ಳಬೇಕು. ಅವರು ಬಿದ್ದಿರುತ್ತಿರಲಿಲ್ಲ, ಮಲಗಿರುತ್ತಿದ್ದರು. ಖೋ ಖೋ ಅಂಕಣದ ಕಂಬದಿಂದ ನಾಲ್ಕೈದು ಮಾರು ಆಚೆ, ನೆಲಕ್ಕೆ ಕೆನ್ನೆಯಿಟ್ಟು, ಕಂಬದ ಹತ್ತಿರ ತಿರುಗುವ ನಮ್ಮ ಕಾಲುಗಳನ್ನು ನೋಡುತ್ತಿದ್ದರು. ನಿಂತು ನೋಡಿದರೆ ಮುಖ ಕಾಣುತ್ತದೆ, ಮಲಗಿ ನೋಡಿದರೆ ಮಂಡಿ ಕಾಣುತ್ತದೆ ಎನ್ನುವುದು ಅವರ ವಾದ. ಹೆಣ್ಣುಮಕ್ಕಳ ಆಟ, ನಾಳೆ ಯಾರೂ ಒಂದು ಮಾತು ಆಡಬಾರದೆಂದು ದಿನವೂ ಹೆಂಡತಿಯನ್ನು ಜೊತೆಗೆ ಕರೆತರುತ್ತಿದ್ದರು. ಆಕೆ ಹುಣಸೆಮರದ ಕೆಳಗೆ ಕೂತು ಸೇವಂತಿಗೆ ಕಟ್ಟುತ್ತಿದ್ದರು.

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯ ಬದಿಗೇ ನಮ್ಮ ಹೈಸ್ಕೂಲಿನ ಮೈದಾನ. ಡೈರಿಗೆ ಹಾಲು ಹಾಕಲು ಹೋಗುವವರು ಟಿವಿಎಸ್ ನಿಲ್ಲಿಸಿ, "ಮೇಷ್ಟ್ರು ಭೂಮ್ತಾಯಿ ಹತ್ರ ಅದೇನೋ ಗುಟ್ಟು ಕೇಳ್ತಾವ್ರೆ" ಎಂದು ನಗುತ್ತಿದ್ದರು. ಮೇಷ್ಟ್ರು ತಲೆಯನ್ನೂ ಎತ್ತದೆ, "ಹೂಂ ಕಣಪ್ಪ, ನಿನ್ನ ಹಾಲಿಗೆ ಎಷ್ಟು ನೀರು ಬಿತ್ತು ಅಂತ ಕೇಳ್ತಿದ್ದೀನಿ" ಎನ್ನುತ್ತಿದ್ದರು. ಗಾಡಿ ತಕ್ಷಣ ಮುಂದಕ್ಕೆ ಹೋಗುತ್ತಿತ್ತು.

ಅವರು ನಮಗೆ ಓಡುವುದನ್ನು ಕಲಿಸಿದ್ದು ಕಡಿಮೆ. ಕಲಿಸಿದ್ದು ನಿಲ್ಲುವುದನ್ನು. ತಿರುಗುವ ಮುಂಚೆ ಮೂರು ಸಣ್ಣ ಹೆಜ್ಜೆ ಹಾಕಬೇಕು, ಸೊಂಟ ತಗ್ಗಿಸಬೇಕು, ಆಮೇಲೆ ತಿರುಗಬೇಕು. ಕಂಬದ ಸುತ್ತಲಿನ ಮಣ್ಣಿಗೆ ನೀರು ಚಿಮುಕಿಸಿ, ಹಳೆಯ ಗೋಣಿಚೀಲ ಎಳೆದು ನುಣುಪು ಮಾಡಿ, ಒಬ್ಬೊಬ್ಬಳನ್ನೇ ಓಡಿಸಿ, ಮೂಡಿದ ಹೆಜ್ಜೆ ತೋರಿಸುತ್ತಿದ್ದರು. ಹಿಮ್ಮಡಿ ಆಳವಾಗಿ ಹೂತಿದ್ದರೆ ಬೈಗುಳ, ಮುಂಗಾಲು ಹೊರಳಿದ ಗುರುತಿದ್ದರೆ ಒಂದು ಕಡಲೆಮಿಠಾಯಿ. ನಮಗೆ ಮಿಠಾಯಿಗಿಂತ ಬೈಗುಳವೇ ಜಾಸ್ತಿ ಸಿಕ್ಕಿದ್ದು. ಹತ್ತನೇ ತರಗತಿಯಲ್ಲಿ ಅವರು ನನ್ನನ್ನು ತಾಲ್ಲೂಕು ಪಂದ್ಯದಿಂದಲೇ ಹೊರಗಿಟ್ಟರು. ನನ್ನ ಬಲಮಂಡಿ ತಿರುಗುವಾಗ ಒಳಕ್ಕೆ ಬೀಳುತ್ತದಂತೆ. ನೋವಿಲ್ಲ, ಬಾವಿಲ್ಲ, ಸುಮ್ಮನೆ ಇವರ ಕಣ್ಣಿಗೆ ಕಂಡಿತಂತೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಚಪ್ಪಲಿ ಬಿಸಾಡಿ ಮನೆಗೆ ಹೋಗಿ ಎರಡು ದಿನ ಸ್ಕೂಲಿಗೆ ಬರಲಿಲ್ಲ. ಮೂರನೇ ದಿನ ಅವರೇ ಮನೆಗೆ ಬಂದು ಜಗುಲಿ ಮೇಲೆ ಕೂತರು.

"ಮಂಡಿ ಬಡಪಾಯಿ ಕಣಮ್ಮ," ಎಂದರು. "ಮೇಲೆ ಸೊಂಟ ತಪ್ಪು ಮಾಡ್ತದೆ, ಕೆಳಗೆ ಪಾದ ತಪ್ಪು ಮಾಡ್ತದೆ. ಮಧ್ಯ ಒದೆ ತಿನ್ನೋದು ಅದು."

ನನಗೆ ಆ ಮಾತು ಎಲ್ಲೋ ನಾಟಿರಬೇಕು. ಪಿಯುಸಿ ಮುಗಿದ ಮೇಲೆ ಫಿಜಿಯೋಥೆರಪಿ ಓದುತ್ತೇನೆ ಎಂದೆ. ಅದೇನು ಮಾಲೀಶು ಮಾಡುವ ಓದೋ ಎಂದು ಅಪ್ಪ ರೇಗಿದಾಗ ಮತ್ತೆ ಅದೇ ಜಗುಲಿಗೆ ಮೇಷ್ಟ್ರು ಬಂದರು. ಮೂರು ಸಂಜೆ ಕೂತು, ರಾಗಿ ಬೆಳೆ, ಮಳೆ, ಹಸುವಿನ ಕಾಯಿಲೆ ಎಲ್ಲ ಮಾತಾಡಿ, ನಾಲ್ಕನೇ ಸಂಜೆ ಅಪ್ಪನನ್ನು ಒಪ್ಪಿಸಿದರು. ನನ್ನ ಅನ್ನದ ದಾರಿ ಅಲ್ಲಿಂದ ಶುರುವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಬೇಕು.

ಓದು ಮುಗಿಸಿ, ದೇವನಹಳ್ಳಿ ಕಡೆಯ ಒಂದು ಖಾಸಗಿ ಕ್ರೀಡಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಆಟಗಾರರು ದಿಕ್ಕು ಬದಲಿಸುವುದನ್ನು ಅಳೆಯುವುದೇ ಅಲ್ಲಿ ನನ್ನ ಕೆಲಸ. ಸೊಂಟ, ಮಂಡಿ, ಹರಡುಗಳಿಗೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸುತ್ತೇವೆ. ಸುತ್ತಲೂ ಕ್ಯಾಮೆರಾಗಳು. ಆಟಗಾರರು ಓಡಿ ಬಂದು, ನೆಲದಲ್ಲಿ ಹುದುಗಿಸಿದ ಒಂದು ತಟ್ಟೆಯ ಮೇಲೆ ಪಾದವಿಟ್ಟು, ಥಟ್ಟನೆ ಪಕ್ಕಕ್ಕೆ ತಿರುಗಿ ಓಡಬೇಕು. ಆ ಕ್ಷಣದಲ್ಲಿ ಮಂಡಿ ಎಷ್ಟು ಒಳಕ್ಕೆ ವಾಲಿತು, ಅದರ ಮೇಲೆ ಎಷ್ಟು ಭಾರ ಬಿತ್ತು ಎಂದು ಕಂಪ್ಯೂಟರ್ ಹೇಳುತ್ತದೆ. ಬಹಳ ವಾಲಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟು ಮುಂದೆಂದಾದರೂ ಹರಿಯುವ ಭಯ. ಮೇಷ್ಟ್ರು ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದದ್ದೂ ಇದನ್ನೇ. ಆದರೆ ಆಗ ನನಗೆ ಹಾಗೆ ಅನ್ನಿಸಿರಲಿಲ್ಲ. ತಣ್ಣನೆಯ ಕೋಣೆ, ಕೊರಳಿಗೆ ಗುರುತಿನ ಚೀಟಿ, ಸುತ್ತ ಇಂಗ್ಲಿಷ್ ಮಾತಾಡುವ ಸಹೋದ್ಯೋಗಿಗಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನದು ಹಾಡಹಗಲೇ ಬಿಚ್ಚಿತ್ತು.

ಸೇರಿ ನಾಲ್ಕು ತಿಂಗಳಾಗಿತ್ತು, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಒಂದು ದಿನ ಮೇಷ್ಟ್ರ ಫೋನ್ ಬಂತು. ಅವರು ಆಗಲೇ ನಿವೃತ್ತರಾಗಿದ್ದರು. ಆದರೂ ಸಂಜೆ ಅದೇ ಮೈದಾನದಲ್ಲಿ ಹುಡುಗಿಯರಿಗೆ ಆಡಿಸುತ್ತಿದ್ದರು. ಪವಿತ್ರ ಅಂತ ಒಬ್ಬ ಹುಡುಗಿ, ಒಂಬತ್ತನೇ ತರಗತಿ, ಅವಳಂಥ ಓಟಗಾರ್ತಿಯನ್ನು ಇದುವರೆಗೆ ನೋಡಿಲ್ಲ ಎಂದರು. ಜಿಲ್ಲಾ ತಂಡದ ಆಯ್ಕೆ ಇನ್ನೊಂದು ತಿಂಗಳಿದೆ. ಆದರೆ ಅವಳ ಎಡಮಂಡಿ ಅವರಿಗೆ ಸರಿ ಕಾಣುತ್ತಿಲ್ಲ. ಈ ವರ್ಷ ಆಡಿಸದೆ ತಿರುಗುವುದನ್ನು ಕಲಿಸೋಣ ಎಂದರೆ ಅವಳಪ್ಪ ಒಪ್ಪುತ್ತಿಲ್ಲ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು ಸಿಗುತ್ತದೆ, ಓದು ಊಟ ಎಲ್ಲ ಅಲ್ಲೇ. ಕೊನೆಗೆ ಅವಳಪ್ಪನೇ ಒಂದು ದಾರಿ ಹೇಳಿದ್ದಾನೆ. ನಿಮ್ಮ ಶಿಷ್ಯೆ ಮಿಷನ್ ಇಟ್ಟುಕೊಂಡು ಇದನ್ನೇ ನೋಡುತ್ತಾಳಂತಲ್ಲ, ಅವಳು ಬೇಡ ಎಂದರೆ ಬೇಡ, ಆಡಲಿ ಎಂದರೆ ನೀವು ಅಡ್ಡ ಬರಬಾರದು. ಮೇಷ್ಟ್ರು ಅದಕ್ಕೆ ಒಪ್ಪಿಕೊಂಡಿದ್ದಾರೆ.

ದ್ರಾಕ್ಷಿಗೆ ಔಷಧಿ ಹೊಡೆಯುವ ದಿನವೆಂದು ಪವಿತ್ರಳ ಅಪ್ಪ ಬರಲಿಲ್ಲ. ಮೇಷ್ಟ್ರೂ ಅವರ ಹೆಂಡತಿಯೂ ಪವಿತ್ರಳನ್ನು ಬಸ್ಸಿನಲ್ಲಿ ಕರೆತಂದರು. ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಪಂಚೆ ಇಳಿಬಿಟ್ಟುಕೊಂಡು, ದೇವಸ್ಥಾನಕ್ಕೆ ಬಂದವರಂತೆ ಒಳಗೆ ಬಂದರು. ನಾನು ಪವಿತ್ರಳಿಗೆ ಎಲ್ಲ ವಿವರಿಸಿದೆ. ಮೊದಲು ಎಡಕ್ಕೆ ಹತ್ತು ಸಲ, ಆಮೇಲೆ ಬಲಕ್ಕೆ ಹತ್ತು ಸಲ ಎಂದು ಹೇಳಿ ಬಾಣದ ಗುರುತನ್ನೂ ತೋರಿಸಿದೆ. ಚಿಗರೆಯಂಥ ಹುಡುಗಿ. ತಟ್ಟೆಯ ಮೇಲೆ ಪಾದವಿಟ್ಟು ಅಚ್ಚುಕಟ್ಟಾಗಿ ತಿರುಗುತ್ತಿದ್ದಳು.

ನೋಡನೋಡುತ್ತಿದ್ದಂತೆ ಮೇಷ್ಟ್ರು ಆ ರಬ್ಬರ್ ನೆಲದ ಮೇಲೆ ಮಲಗಿ ಕೆನ್ನೆಯಿಟ್ಟರು. ನನ್ನ ಸಹೋದ್ಯೋಗಿ ಹುಬ್ಬೇರಿಸಿ ನನ್ನ ಕಡೆ ನೋಡಿದಳು. ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮೂರಿನ ಕಡೆಯ ಯಾರೋ ಹಳೇ ಪಿ.ಟಿ. ಟೀಚರ್ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಯಾರೋ ಎಂದೆ. ಮೂವತ್ತು ವರ್ಷ ಸರ್ಕಾರಿ ಸ್ಕೂಲಿನಲ್ಲಿದ್ದ ಮನುಷ್ಯನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಷ್ಟಕ್ಕೇ ಬಿಡಲಿಲ್ಲ. "ಎದ್ದೇಳಿ ಸಾರ್. ಅದನ್ನೆಲ್ಲ ನೋಡೋಕೆ ಇಲ್ಲಿ ಕ್ಯಾಮೆರಾ ಇದೆ" ಎಂದೆ. ಅವರು ಎದ್ದು, ಇಲ್ಲದ ಧೂಳನ್ನು ಕೆನ್ನೆಯಿಂದ ಒರೆಸಿಕೊಂಡು, ಗೋಡೆಯ ಪಕ್ಕ ನಿಂತರು.

ನಿಂತಲ್ಲಿಂದಲೇ ಒಂದು ಮಾತು ಹೇಳಿದರು. ಯಾವ ಕಡೆ ತಿರುಗಬೇಕೆಂದು ಮೊದಲೇ ಹೇಳಬೇಡ, ಹೇಳಿ ತಿರುಗಿಸಿದರೆ ಎಲ್ಲರೂ ಚೆನ್ನಾಗಿಯೇ ತಿರುಗುತ್ತಾರೆ, ಅಟ್ಟಿಸಿಕೊಂಡು ಬರುವವಳು ಹೇಳಿ ಬರುತ್ತಾಳೆಯೇ ಎಂದರು. ನಮ್ಮ ಪದ್ಧತಿ ಹೀಗೇ ಎಂದು ನಾನು ಬಾಯಿ ಮುಚ್ಚಿಸಿದೆ. ಎಡಗಡೆಯ ಎಂಟನೆಯ ಓಟವೋ ಒಂಬತ್ತನೆಯದೋ ಇರಬೇಕು. ಪವಿತ್ರ ತಟ್ಟೆಯ ಹತ್ತಿರ ಬರುವುದಕ್ಕೂ ಕಚೇರಿಯ ಹುಡುಗನೊಬ್ಬ ನೀರಿನ ಕ್ಯಾನು ಹೊತ್ತು ಎಡಗಡೆಯ ಬಾಗಿಲು ತೆರೆದು ಒಳಗೆ ಬರುವುದಕ್ಕೂ ಸರಿಯಾಯಿತು. ಅವನಿಗೆ ಡಿಕ್ಕಿ ಹೊಡೆಯುತ್ತೇನೆಂದು ಅವಳು ಗಾಬರಿಯಿಂದ ಎಡಗಾಲೂರಿ ಬಲಕ್ಕೆ ಹೊರಳಿದಳು. ಆಗ ಅವಳ ಎಡಮಂಡಿ ಒಳಕ್ಕೆ ಮುರಿದುಕೊಂಡಂತೆ ವಾಲಿತು. ಬೀಳಲಿಲ್ಲ, ಸಾವರಿಸಿಕೊಂಡು ನಕ್ಕು ನಿಂತಳು. ಮೇಷ್ಟ್ರು ಮಾತ್ರ ನಗಲಿಲ್ಲ.

"ಅದೊಂದೇ ನೋಡಮ್ಮ," ಎಂದರು. "ಉಳಿದಿದ್ದೆಲ್ಲ ಬಿಡು."

ಆ ಓಟವನ್ನು ನಾನು ಅಳಿಸಿದೆ. ಹೇಳಿದ ಕಡೆ ತಿರುಗಿರಲಿಲ್ಲ, ಪಾದ ಅರ್ಧ ಮಾತ್ರ ತಟ್ಟೆಯ ಮೇಲಿತ್ತು, ನಿಯಮದ ಪ್ರಕಾರ ಅದು ಕೆಟ್ಟ ಓಟ. ಇನ್ನೊಂದು ಸಲ ಓಡಿಸಿ ಲೆಕ್ಕ ಸರಿಮಾಡಿದೆ. ಉಳಿದ ಇಪ್ಪತ್ತು ಓಟಕ್ಕೂ ಕಂಪ್ಯೂಟರಿನಲ್ಲಿ ಹಸಿರು, ಅಂದರೆ ಅಪಾಯವಿಲ್ಲ ಎಂದು ಬಂತು. ಆದರೆ ಅಳಿಸುವ ಮುಂಚೆ ಆ ಓಟದ ವಿಡಿಯೋವನ್ನು ಒಂದು ಸಲ ನಿಧಾನವಾಗಿ ಓಡಿಸಿ ನೋಡಿದ್ದೆ. ಮಂಡಿ ವಾಲಿದ ಕಡೆ ಅದನ್ನು ನಿಲ್ಲಿಸಿದಾಗ ಮೇಷ್ಟ್ರು ಹೇಳಿದ್ದು ಸರಿ ಎಂದು ನನಗೂ ಕಂಡಿತ್ತು. ಅದರ ಬಗ್ಗೆ ವರದಿಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆದರೆ ನಿಯಮ ಮೀರಿ ಯಾಕೆ ಬರೆದೆ ಎಂದು ಮೇಲಿನವರು ಕೇಳುತ್ತಾರೆ. ಊರಿನ ಮೇಷ್ಟ್ರು ಹೇಳಿದರು ಎಂದು ಅವರೆದುರು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಈಗ ಯಾವುದಕ್ಕೆ ನಾಚಬೇಕಾಗಿತ್ತು, ಯಾವುದಕ್ಕೆ ನಾಚಿದೆ ಎಂದು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಎರಡು ದಿನ ಬಿಟ್ಟು ವರದಿ ತೆಗೆದುಕೊಳ್ಳಲು ಮೇಷ್ಟ್ರೊಬ್ಬರೇ ಬಂದರು. ಎರಡು ಹಾಳೆ, ಕೊನೆಯಲ್ಲಿ 'ಆಡಲು ಅಡ್ಡಿಯಿಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಕೆಳಗೆ ನನ್ನ ಸಹಿ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬಾಗಿಲ ಓಟ ಇದರಲ್ಲಿದೆಯಾ ಎಂದು ಕೇಳಿದರು. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದೆ.

"ನಿಂಗೆ ಅನುಮಾನ ಇಲ್ವೇನಮ್ಮ?"

"ಇಲ್ಲ ಸಾರ್."

ಅವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಹೋದರು. ಮಾತು ಕೊಟ್ಟಿದ್ದ ಮನುಷ್ಯ, ಊರಿಗೆ ಹೋಗಿ ಪವಿತ್ರಳ ಅಪ್ಪನಿಗೆ ಆಡಲಿ ಎಂದು ಹೇಳಿದರಂತೆ. ಹಾಳೆಯನ್ನು ಅಪ್ಪ ನೋಡಲೂ ಇಲ್ಲ, ಕೇಳಲೂ ಇಲ್ಲ.

ಜಿಲ್ಲಾ ಆಯ್ಕೆಯ ಪಂದ್ಯದಲ್ಲಿ ಪವಿತ್ರ ಕಂಬದ ಹತ್ತಿರ ಅಟ್ಟುವವಳಿಗೆ ಎಡಕ್ಕೆ ಹೋಗುವ ಆಸೆ ತೋರಿಸಿ ಬಲಕ್ಕೆ ನುಗ್ಗಲು ಹೊರಟಳು. ಪಕ್ಕದಲ್ಲಿ ಕೂತಿದ್ದವಳಿಗೆ ಆಗಲೇ ಖೋ ಬಿದ್ದಿತ್ತು, ಅವಳು ಎದುರಿಗೇ ಎದ್ದು ಬಂದಳು. ಎಡಗಾಲು ಊರಿದ್ದು ಊರಿದ ಹಾಗೇ ನಿಂತಿತು, ಮೈ ತಿರುಗಿತು. ಮಂಡಿಯ ಲಿಗಮೆಂಟು ಹರಿದ ಸದ್ದು ಮೈದಾನದ ಆಚೆ ಬದಿಗೂ ಕೇಳಿಸಿತು ಎಂದು ಆಮೇಲೆ ಒಬ್ಬರು ಹೇಳಿದರು.

ನನಗೆ ಸುದ್ದಿ ತಿಳಿದದ್ದು ಅಮ್ಮನ ಫೋನಿನಿಂದ. ಅಮ್ಮನ ದನಿಯಲ್ಲಿ ಸಂಕಟದ ಜೊತೆಗೆ ಹೆಮ್ಮೆಯೂ ಇತ್ತು. ಸ್ಕೂಲಿನ ಗೇಟಿನ ಹತ್ತಿರ ದೊಡ್ಡ ಗಲಾಟೆಯಾಯಿತಂತೆ. ಮಿಷನ್‌ನಲ್ಲಿ ಸರಿಯಿದೆ ಅಂದಿದ್ದಿರಲ್ಲ ಎಂದು ಪವಿತ್ರಳ ಅಪ್ಪ ಕೇಳಿದರೆ, ಮೇಷ್ಟ್ರು ಎಲ್ಲರೆದುರು ಹೇಳಿದರಂತೆ, ನನ್ನ ಶಿಷ್ಯೆ ಆಡಿಸಬೇಡಿ ಅಂತಲೇ ಬರೆದುಕೊಟ್ಟಿದ್ದಳು, ನಾನೇ ತಂಡ ಗೆಲ್ಲಲಿ ಎಂಬ ಆಸೆಗೆ ಬಿದ್ದು ಸುಳ್ಳು ಹೇಳಿದೆ ಎಂದು. "ನೀನು ಬ್ಯಾಡ ಅಂದ್ರೂ ಕೇಳ್ದೆ ಆವಯ್ಯ ಹಿಂಗ್ ಮಾಡ್ಬಿಟ್ರಲ್ಲೇ," ಎಂದಳು ಅಮ್ಮ. "ಊರೋರೆಲ್ಲ ನಿನ್ನೇ ಹೊಗಳ್ತಾವ್ರೆ."

ಆ ಫೋನ್ ಇಟ್ಟಾಗ ನನಗೆ ಮೊದಲು ಏನನ್ನಿಸಿತು ಎಂಬುದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದೂ ದಂಡ. ಅಳು ಬರಲಿಲ್ಲ. ಬದುಕಿದೆ ಅನ್ನಿಸಿತು. ಹೋದ ಜೀವ ಬಂದ ಹಾಗಾಯಿತು.

ಭಾನುವಾರ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಯಾಕೆ ಸಾರ್ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಎದ್ದರು. ಅಂಗಳದಲ್ಲಿ ಒಣಹಾಕಿದ್ದ ಅವರೆಕಾಳಿಗೆ ಕೋಳಿ ಬಾಯಿ ಹಾಕುತ್ತಿತ್ತು, ಅದನ್ನು ಓಡಿಸಿ ಬಂದು ಕೂತರು.

"ಪವಿತ್ರಳ ಅಪ್ಪ ಮುಂಗೋಪಿ. ನಿನ್ನ ಆಫೀಸ್ ಮುಂದೆ ಬಂದು ಕೂಗಾಡಿದ್ರೆ ನಿನ್ನ ಕೆಲ್ಸ ಉಳೀತಿತ್ತಾ?" ಎಂದರು. "ನಂದೇನು, ರಿಟೈರಾಗಿ ಕೂತಿರೋನು. ನೀನು ಇನ್ನೂ ಎಷ್ಟು ಮಕ್ಕಳ ಮಂಡಿ ನೋಡ್ಬೇಕು. ಇನ್ಮೇಲೆ ನೋಡುವಾಗ ಬಾಗಿಲು ತೆಗೆದಿದ್ದನ್ನ ಅಳಿಸ್ಬೇಡ, ಅಷ್ಟೇ."

ನಾನು ಹೋಗಿ ಅವಳ ಅಪ್ಪನಿಗೆ ನಿಜ ಹೇಳುತ್ತೇನೆ ಎಂದೆ. ಹೇಳುವುದಾದರೆ ನೀನೇ ಹೇಳು, ನಾನಾಗಿ ಹೇಳುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ ಎಂದರು. ಒಂದು ಬೈಗುಳವಿಲ್ಲ. ಹಿಮ್ಮಡಿ ಊರಿದ್ದಕ್ಕೆ ಅರ್ಧ ಗಂಟೆ ಬೈಯುತ್ತಿದ್ದವರು ಇದಕ್ಕೆ ಒಂದು ಮಾತೂ ಬೈಯಲಿಲ್ಲ.

ಹೇಳುತ್ತೇನೆ ಎಂದವಳು ಹೇಳಲಿಲ್ಲ. ಪ್ರೊಬೇಷನ್ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಪವಿತ್ರಳ ಆಪರೇಷನ್ ಆಗಲಿ ಎಂದುಕೊಂಡೆ, ಅದೂ ಆಯಿತು. ಆಮೇಲೆ ಅವಳ ಕಾಲಿಗೆ ವ್ಯಾಯಾಮ ಮಾಡಿಸಲು ನಾನೇ ವಾರಕ್ಕೆರಡು ಸಲ ಅವರ ಮನೆಗೆ ಹೋಗತೊಡಗಿದೆ. ಪಾಪ ಕಳೆಯಲಿ ಎಂದು ಹೋದೆ, ಬಾಯಿ ಬಿಡದೆ ಕಳೆಯುವ ಪಾಪವೇ ಅದು? ಒಂದು ದಿನ ಅವಳ ಅಪ್ಪ ಒಂದು ಬುಟ್ಟಿ ದ್ರಾಕ್ಷಿ ತಂದು ನನ್ನ ಗಾಡಿಯ ಮುಂದೆ ಇಟ್ಟರು. "ನಿಮ್ಮ ಮಾತು ಕೇಳಿದ್ರೆ ನನ್ನ ಮಗಳು ಇವತ್ತು ಆಡ್ತಿದ್ಲು ಮೇಡಂ" ಎಂದರು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ನಾನು ಬುಟ್ಟಿ ತೆಗೆದುಕೊಂಡೆ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ತಿಂದರು, ಸಿಹಿಯಾಗಿವೆ ಎಂದರು.

ಅತ್ತ ಮೇಷ್ಟ್ರ ಮೈದಾನ ಖಾಲಿಯಾಯಿತು. ಮೊದಲು ಪವಿತ್ರಳ ಊರಿನ ಹುಡುಗಿಯರು ಬಿಟ್ಟರು, ಆಮೇಲೆ ಉಳಿದವರು. ಹೊರಗಿನವರು ಬಂದು ಆಡಿಸುವುದು ಬೇಡ ಎಂದು ಸ್ಕೂಲಿನವರೂ ಮೆಲ್ಲಗೆ ಹೇಳಿದರಂತೆ. ಆ ರಸ್ತೆಯಲ್ಲಿ ಹೋಗುವಾಗ ಒಂದೆರಡು ಸಲ ಅವರನ್ನು ಕಂಡೆ. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದರು, ಎರಡು ಕೆನ್ನೆಯೂ ಚೊಕ್ಕಟವಾಗಿದ್ದವು. ನಾನು ಗಾಡಿ ನಿಲ್ಲಿಸಿದರೆ ನಗುತ್ತಲೇ ಮಾತಾಡಿಸುತ್ತಿದ್ದರು, ಆ ವಿಷಯ ಎತ್ತುತ್ತಿರಲಿಲ್ಲ. ಅವರು ಎತ್ತುವುದಿಲ್ಲ ಎಂಬ ಧೈರ್ಯದ ಮೇಲೇ ನಾನು ಗಾಡಿ ನಿಲ್ಲಿಸುತ್ತಿದ್ದದ್ದು.

ಇನ್ನೊಂದು ಮಾತು. ಈಗ ನಮ್ಮ ಕೇಂದ್ರದಲ್ಲಿ ದಿಕ್ಕನ್ನು ಮೊದಲೇ ಹೇಳುವುದಿಲ್ಲ. ಎದುರಿಗೆ ಒಬ್ಬರು ನಿಂತಿರುತ್ತಾರೆ, ಆಟಗಾರರು ತಟ್ಟೆಗೆ ಎರಡು ಹೆಜ್ಜೆ ಇರುವಾಗ ಅವರು ಯಾವುದಾದರೂ ಒಂದು ಕಡೆಗೆ ನುಗ್ಗುತ್ತಾರೆ, ತಪ್ಪಿಸಿಕೊಂಡು ತಿರುಗಬೇಕು. ಮೊದಲು ಹಸಿರು ತೋರಿಸುತ್ತಿದ್ದ ಎಷ್ಟೋ ಮಂಡಿಗಳು ಈಗ ಕೆಂಪು ತೋರಿಸುತ್ತವೆ. ಅಂಥವರಿಗೆ ಆಟ ನಿಲ್ಲಿಸಿ ನಿಲ್ಲುವುದನ್ನು ಕಲಿಸುತ್ತೇವೆ. ಇದು ಬಹಳ ಒಳ್ಳೆಯ ಯೋಚನೆ ಎಂದು ಮೇಲಿನವರು ನನ್ನನ್ನು ಹೊಗಳಿದರು. ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ಕೆಲಸ ಮಾಡುತ್ತ ಮಾಡುತ್ತ ಹೊಳೆಯಿತು ಎಂದೆ.

ಮೇಷ್ಟ್ರು ಹೋದ ಮಾಘದಲ್ಲಿ ತೀರಿಕೊಂಡರು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದವರು ಒಲೆಯ ಮುಂದೆ ಹಾಗೇ ಒರಗಿದರಂತೆ. ಪವಿತ್ರಳ ಕಾಲು ಹೋಗಿ ಒಂದೂವರೆ ವರ್ಷವಾಗಿತ್ತು. ನಾನು ಮಣ್ಣಿಗೆ ಹೋಗಿದ್ದೆ. ಇಷ್ಟು ವರ್ಷ ಮಕ್ಕಳನ್ನು ಆಡಿಸಿದವರ ಮಣ್ಣಿಗೆ ಬಂದಿದ್ದ ಜನ ಕಡಿಮೆ. ಅಲ್ಲಿ ಪವಿತ್ರಳ ಅಪ್ಪನನ್ನು ಕಣ್ಣಿನಲ್ಲೇ ಹುಡುಕಿದೆ. ಇರಲಿಲ್ಲ. ಆಗಲೂ ಸದ್ಯ ಅಂದುಕೊಂಡೆ. ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ಬಂದೆ. ಆ ಕೈಯನ್ನು ಎಷ್ಟು ತೊಳೆದರೂ ಅಂಟಂಟು ಹೋಗಲಿಲ್ಲ.

ಹನ್ನೊಂದನೆಯ ದಿನದ ತಿಥಿ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದು, ಮಡಿಸಿದ ಎರಡು ಹಾಳೆ ಕೈಗೆ ಕೊಟ್ಟರು. ನನ್ನ ಸಹಿಯಿದ್ದ ವರದಿ. ಅವರು ಅದನ್ನು ಹರಿದೂ ಹಾಕಿರಲಿಲ್ಲ, ಯಾರಿಗೂ ತೋರಿಸಿಯೂ ಇರಲಿಲ್ಲ. "ನಮ್ಮನೇಲಿ ಇದು ಇರೋದು ಬೇಡ ಕಣಮ್ಮ, ನಂಗೆ ನೋಡೋಕಾಗಲ್ಲ" ಎಂದರು ಆಕೆ.

ಅದನ್ನು ತೆಗೆದುಕೊಂಡು ನೇರವಾಗಿ ಪವಿತ್ರಳ ಮನೆಗೆ ಹೋದೆ. ಅವಳಪ್ಪ ಚಪ್ಪರದ ಕೆಳಗೆ ಕೂತಿದ್ದರು. ಬನ್ನಿ ಮೇಡಂ ಎಂದು ಎದ್ದರು. ನಾನು ಕೂರದೆ, ಹಾಳೆಗಳನ್ನು ಅವರ ಕೈಗೆ ಕೊಟ್ಟು, ಕೊನೆಯ ಸಾಲಿನ ಅರ್ಥ ಹೇಳಿ, ಬಾಗಿಲ ಓಟದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆಡಿಸಬೇಡಿ ಎಂದು ಮೊದಲಿನಿಂದ ಅಂದದ್ದು ಮೇಷ್ಟ್ರು, ಆಡಲಿ ಎಂದದ್ದು ನಾನು. ಅವರು ಕೂಗಾಡುತ್ತಾರೆ, ಕೈಯೆತ್ತಿದರೂ ಎತ್ತಬಹುದು ಎಂದುಕೊಂಡಿದ್ದೆ. ಹಾಗೆ ಆಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಪವಿತ್ರ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಮಣ್ಣಿಗೆ ಹೋಗ್ತೀನಿ ಅಂತ ಇವಳು ಅತ್ತಳು," ಎಂದರು ಅವಳಪ್ಪ. "ನಾನು ಗೇಟಿಗೆ ಬೀಗ ಹಾಕ್ದೆ. ಒಂದು ಹಿಡಿ ಮಣ್ಣು ಹಾಕೋಕೆ ಬಿಡ್ಲಿಲ್ಲ."

ಪವಿತ್ರ ಒಳಗೆ ಹೋದಳು. ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಅವತ್ತು ಸ್ಕೂಲ್ ಗೇಟ್ ಮುಂದೆ ಈ ಕೈಯಲ್ಲಿ ಆ ಮನುಷ್ಯನ ಕೊರಳಪಟ್ಟಿ ಹಿಡಿದಿದ್ದೀನಿ. ಹನ್ನೆರಡು ದಿನ ಮುಂಚೆ ಬಂದು ಹೇಳೋಕೆ ಏನಾಗಿತ್ತಮ್ಮ ನಿಂಗೆ? ಈಗ ನಾನು ಯಾರ ಕಾಲು ಹಿಡೀಲಿ?"